ಡೆಂಗಿ ಅಲ್ಲದ ಜ್ವರ, ಮೈಮೇಲೊಂದು ಕಪ್ಪು ಗುರುತು: ಕಂಡವರು ಅನುಭವ ತಿಳಿಸಿ

ಕೋರಿಕೆ: ವೈದ್ಯಾಧಿಕಾರಿ, ಮಂಡ್ಯ ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರ

ಮಾನ್ಯರೇ, ಕಬ್ಬಿನ ಗದ್ದೆಯಲ್ಲಿ ಕೂಲಿ ಮಾಡುವ ಮಧ್ಯವಯಸ್ಸಿನ ಮಹಿಳೆಯೊಬ್ಬರಿಗೆ ಏಳು ದಿನಗಳಿಂದ ಜ್ವರ, ತಲೆನೋವು ಮತ್ತು ಒಣಕೆಮ್ಮು ಇದೆ. ಡೆಂಗಿ ಪರೀಕ್ಷೆ ನೆಗೆಟಿವ್, ಪ್ಲೇಟ್‌ಲೆಟ್ 80,000. ಬೇರೆಡೆ ಮೂರು ದಿನ ಕೊಟ್ಟ ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದಿನಿಂದ ಜ್ವರ ಇಳಿದಿಲ್ಲ. ಎಡಸ್ತನದ ಕೆಳಗಿರುವ ಗುರುತಿನ ಚಿತ್ರವನ್ನು ಅವರ ಒಪ್ಪಿಗೆ ಪಡೆದು ಲಗತ್ತಿಸಿದ್ದೇನೆ. ಇಂಥದ್ದನ್ನು ಕಂಡವರು ಹೇಗೆ ನಿರ್ಧಾರಕ್ಕೆ ಬಂದಿರಿ?

ನಿವೃತ್ತ ವೈದ್ಯರು, ಮೈಸೂರು

ಮೇಡಂ, ಬೀಡಿಯ ತುದಿಯಿಂದ ಸುಟ್ಟಂತೆ ನಡುವೆ ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು ಇರುವ ಈ ಗುರುತನ್ನು ಏಳು ದಿನದ ಜ್ವರದೊಡನೆ ಕೂಡಿಸಿ ನೋಡಿದರೆ ನುಸಿಮರಿಯ ಕಡಿತದಿಂದ ಹರಡುವ ಸ್ಕ್ರಬ್ ಟೈಫಸ್ ಜ್ವರವನ್ನೇ ಮೊದಲು ಎಣಿಸಬೇಕು. ಗುರುತು ಸಾಮಾನ್ಯವಾಗಿ ನೋಯುವುದಿಲ್ಲವಾದ್ದರಿಂದ ರೋಗಿಗಳು ತಾವಾಗಿ ಹೇಳುವುದಿಲ್ಲ. ಹುಡುಕಿದವರಿಗೆ ಮಾತ್ರ ಸಿಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಮರಿ ಬಟ್ಟೆಯ ಬಿಗಿತ ತಡೆದಲ್ಲಿ ನಿಂತು ಕಚ್ಚುವುದರಿಂದ ಕಂಕುಳು, ತೊಡೆಸಂದು, ರವಿಕೆಯ ಅಂಚು ಇವುಗಳನ್ನು ಬಿಡದೆ ನೋಡಬೇಕು.

ನಾನು ವಾರ್ಡಿನಲ್ಲಿದ್ದ ದಿನಗಳಲ್ಲಿ ಕುರಿ ಕಾಯುವವರೊಬ್ಬರನ್ನು ಮೂರು ದಿನ ಡೆಂಗಿ ಎಂದೇ ನೋಡಿಕೊಂಡೆವು. ನಾಲ್ಕನೆಯ ದಿನ ಮೈ ಒರೆಸುತ್ತಿದ್ದ ಆಯಾ ಉಡಿದಾರ ಸರಿಸಿ, "ಸಾರ್, ಇಲ್ಲೊಂದು ಸುಟ್ಟಗಾಯ ಇದೆ" ಎಂದರು. ಮೂವರು ವೈದ್ಯರು ಆ ಹೊಟ್ಟೆಯನ್ನು ಒತ್ತಿ ನೋಡಿದ್ದೆವು, ದಾರವನ್ನು ಮಾತ್ರ ಯಾರೂ ಸರಿಸಿರಲಿಲ್ಲ.

ಬೆವರು ನಿಲ್ಲುವ ಮಡಿಕೆಗಳಲ್ಲಿ ಹಕ್ಕಳೆ ಕಪ್ಪಾಗದೆ ಹಳದಿ ಬಣ್ಣದ ತೆಳು ಹುಣ್ಣಿನಂತೆ ಉಳಿಯುವುದೂ ಉಂಟು. ಎಡಗಂಕುಳಲ್ಲಿ ಗಂಟು ಇದೆಯೇ ಎಂದು ಮುಟ್ಟಿ ನೋಡಿ. ಗದ್ದೆಯ ಕೆಸರಿನಲ್ಲಿ ದುಡಿಯುವವರಾದ್ದರಿಂದ ಇಲಿಜ್ವರವನ್ನೂ ಮನಸ್ಸಿನಲ್ಲಿಡಿ: ಗೀಜಿಲ್ಲದೆ ಕೆಂಪಾದ ಕಣ್ಣು, ಒತ್ತಿದರೆ ನೋಯುವ ಮೀನಖಂಡ ಅದರ ಸುಳಿವುಗಳು. ವರದಿಗೆ ಕಾಯದೆ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ. ದಿನಕ್ಕೆ ಎರಡು ಬಾರಿ ಆರಂಭಿಸಿ, ಗರ್ಭಿಣಿಯಾದರೆ ಅಜಿತ್ರೊಮೈಸಿನ್. ಜೀವಕೋಶದೊಳಗೆ ಅಡಗುವ ಸ್ಕ್ರಬ್ ಟೈಫಸ್ ರೋಗಾಣುವಿಗೆ ಸೆಫ್ಟ್ರಿಯಾಕ್ಸೋನ್ ನಾಟುವುದಿಲ್ಲ. 48 ಗಂಟೆಗಳಲ್ಲಿ ಜ್ವರ ತಗ್ಗದಿದ್ದರೆ ನಮ್ಮ ಎಣಿಕೆಯನ್ನೇ ಪ್ರಶ್ನಿಸಬೇಕು. ಏದುಸಿರು ಬಂದರೆ ಅಥವಾ ಮಂಕು ಕವಿದರೆ ತಡಮಾಡದೆ ಮಂಡ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಮಿಮ್ಸ್‌ಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಕಳುಹಿಸಿ.

ಪ್ರಯೋಗಾಲಯ ತಂತ್ರಜ್ಞರು, ಮಂಡ್ಯ

ರಕ್ತದಲ್ಲಿ ರೋಗದ ವಿರುದ್ಧದ ಪ್ರತಿಕಾಯ ಹುಡುಕುವ ಐಜಿಎಂ ಎಲೈಸಾ ಪರೀಕ್ಷೆ ಮೊದಲ ವಾರದಲ್ಲಿ ನೆಗೆಟಿವ್ ಬರಬಹುದು. ಹಳೆಯ ರಕ್ತಪರೀಕ್ಷೆಯಾದ ವೀಲ್-ಫೆಲಿಕ್ಸ್‌ನಲ್ಲಿ ಈ ರೋಗವನ್ನು ಸೂಚಿಸುವ ಓಎಕ್ಸ್-ಕೆ ಮಟ್ಟ ಏರದಿದ್ದರೂ ರೋಗವಿಲ್ಲ ಎಂದಾಗದು. ಸೌಲಭ್ಯವಿದ್ದಲ್ಲಿ ಹಕ್ಕಳೆಯ ಚೂರನ್ನೇ ರೋಗಾಣುವಿನ ವಂಶವಾಹಿ ಹುಡುಕುವ ಪಿಸಿಆರ್‌ಗೆ ಕಳುಹಿಸಬಹುದು. ದಯವಿಟ್ಟು ಚೀಟಿಯಲ್ಲಿ ಜ್ವರದ ಎಷ್ಟನೆಯ ದಿನ ಎಂದು ಬರೆಯಿರಿ. ಅದಿಲ್ಲದೆ ನಾವು ಕೊಡುವ "ನೆಗೆಟಿವ್" ಪದಕ್ಕೆ ಅರ್ಥವೇ ಇರುವುದಿಲ್ಲ.

ಚರ್ಮರೋಗ ತಜ್ಞೆ, ಮೈಸೂರು

ರೋಗದ ವಿಷಯದಲ್ಲಿ ಹಿರಿಯರ ಮಾತನ್ನು ಒಪ್ಪುತ್ತೇನೆ, ಆದರೆ ಚಿತ್ರದ ಬಗ್ಗೆ ಸ್ವಲ್ಪ ತಕರಾರಿದೆ. ಫ್ಲ್ಯಾಶ್ ನೇರವಾಗಿ ಬಿದ್ದು ಅಂಚು ಬೆಳ್ಳಗಾಗಿದೆ, ಗುರುತಿನ ಅಳತೆಯೂ ತಿಳಿಯುವುದಿಲ್ಲ. ಕಿಟಕಿಯ ಪಕ್ಕದ ಬೆಳಕಿನಲ್ಲಿ, ಪಕ್ಕದಲ್ಲೊಂದು ಸ್ಕೇಲ್ ಇಟ್ಟು, ದೂರದಿಂದ ಒಂದು, ಹತ್ತಿರದಿಂದ ಒಂದು ತೆಗೆಯಿರಿ. ಅರಿಸಿನ ಹಚ್ಚಿದ್ದರೆ ಮೊದಲು ತೊಳೆಯಿರಿ. ರೋಗಿ ಯಾರೆಂದು ತಿಳಿಯದಿರಲು ಮುಖ ಮರೆಮಾಡಿದರಷ್ಟೇ ಸಾಲದು. ನಮ್ಮ ಕಡೆಯ ಹಿರಿಯ ಹೆಂಗಸರ ಮುಂಗೈಯಲ್ಲಿ ಹೆಸರಿನ ಹಚ್ಚೆ ಇರುತ್ತದೆ, ಅದನ್ನೂ ಚೌಕಟ್ಟಿನಿಂದ ಹೊರಗಿಡಿ.

ನಾನೇ ಎಡವಿದ್ದೊಂದನ್ನು ಹೇಳುತ್ತೇನೆ. ಅಂಚು ಉಬ್ಬಿದ ಮಚ್ಚೆಯ ಚಿತ್ರವೊಂದನ್ನು ಮೊಬೈಲಿನಲ್ಲಿ ನೋಡಿ ಹುಳುಕಡ್ಡಿ ಎಂದು ಮುಲಾಮು ಬರೆದೆ. ಆರು ವಾರಗಳ ನಂತರ ಆ ವ್ಯಕ್ತಿ ಎದುರಿಗೆ ಬಂದು ಕುಳಿತಾಗ, ಬಿಸಿ ಬಾಣಲೆ ತಗುಲಿದ ಬೊಬ್ಬೆ ಅದೇ ಮಚ್ಚೆಯ ಮೇಲಿತ್ತು, ಅವರಿಗೆ ಉರಿಯೇ ಇರಲಿಲ್ಲ. ಹತ್ತಿಯ ಎಳೆ ಮುಟ್ಟಿಸಿದರೂ ತಿಳಿಯಲಿಲ್ಲ. ಅದು ಕುಷ್ಠರೋಗ. ಸ್ಪರ್ಶ ಯಾವ ಚಿತ್ರದಲ್ಲೂ ಮೂಡುವುದಿಲ್ಲ ಎಂಬುದು ಗೊತ್ತಿದ್ದೂ ಕೇಳದೆ ಹೋದೆ.

ಕೋರಿಕೆ ಸಲ್ಲಿಸಿದ ವೈದ್ಯಾಧಿಕಾರಿ

ಎಲ್ಲರಿಗೂ ಧನ್ಯವಾದಗಳು. ಎಡಗಂಕುಳಲ್ಲಿ ಗೋಲಿಯಷ್ಟು ಗಂಟು ಸಿಕ್ಕಿತು. ಅಂದೇ ಮಾತ್ರೆ ಆರಂಭಿಸಿದೆ, ಮೂರನೆಯ ಬೆಳಿಗ್ಗೆ ಜ್ವರ ಇರಲಿಲ್ಲ, ರಾಗಿ ಅಂಬಲಿ ಕೇಳಿ ಕುಡಿದರು. ಎಲೈಸಾ ವರದಿ ಇನ್ನೂ ಬರಬೇಕು. ಅವರೊಡನೆ ಕಬ್ಬು ಕಡಿಯುತ್ತಿದ್ದ ಇನ್ನಿಬ್ಬರಿಗೂ ಜ್ವರವಿದೆ ಎಂದು ಆಶಾ ಕಾರ್ಯಕರ್ತೆ ಈಗಷ್ಟೇ ತಿಳಿಸಿದ್ದಾರೆ. ನಾಳೆ ಬೆಳಿಗ್ಗೆ ಅಲ್ಲಿಗೆ ಹೋಗುತ್ತೇನೆ, ಸ್ಕೇಲನ್ನೂ ಚೀಲದಲ್ಲಿಟ್ಟುಕೊಂಡಿದ್ದೇನೆ.