ಧ್ಯಾನಕ್ಕೆ ಕೂತ್ರೆ ತಲೆ ಇನ್ನೂ ಜಾಸ್ತಿ ಓಡುತ್ತೆ, ನಾನೇನಾದ್ರೂ ತಪ್ಪು ಮಾಡ್ತಿದೀನಾ?

ಕಣದ_ಕಾವಲು (ಮೂಡಿಗೆರೆ ಕಡೆ)

ಎಲ್ರಿಗೂ ನಮಸ್ಕಾರ. ವಯಸ್ಸು 34. ಬೆಂಗ್ಳೂರಲ್ಲಿ 9 ವರ್ಷ ಸಾಫ್ಟ್‌ವೇರ್ ಕೆಲಸದಲ್ಲಿದ್ದೆ, ಅಪ್ಪಂಗೆ ಲಕ್ವ ಹೊಡೀತು ಅಂತ ಎರಡು ವರ್ಷದ ಹಿಂದೆ ಊರಿಗೆ ಬಂದೆ, ಈಗ ತೋಟ ನಾನೇ ನೋಡ್ಕೊಳ್ತಿದೀನಿ, 6 ಎಕರೆ ರೊಬಸ್ಟಾ ಕಾಫಿ, ಮರಕ್ಕೆ ಹಬ್ಬಿಸಿರೋ ಮೆಣಸು, ಅಷ್ಟೇ ಇರೋದು.

ಸಮಸ್ಯೆ ನಿದ್ದೇದು. ರಾತ್ರಿ 2 ಗಂಟೆ ಅಷ್ಟೊತ್ತಿಗೆ ಫಟ್ ಅಂತ ಎಚ್ಚರ ಆಗುತ್ತೆ, ಎದೆ ಡವಡವ ಅಂತಿರುತ್ತೆ, ಆಮೇಲೆ ಬೆಳಗಿನ ತನಕ ತಲೇಲಿ ಬರೀ ಲೆಕ್ಕ. ಆಳುಗಳ ಬಟವಾಡೆ, ಸೊಸೈಟಿ ಸಾಲ, ಅಪ್ಪನ ಫಿಸಿಯೋಥೆರಪಿ, ಮೋಡ ಇದೆಯಾ ಇಲ್ವಾ. ಹಳೇ ಆಫೀಸಿನ ಫ್ರೆಂಡ್ ಒಬ್ಬ ಮೈಂಡ್‌ಫುಲ್‌ನೆಸ್ (ಈ ಕ್ಷಣ ನಡೀತಿರೋದ್ರ ಮೇಲೆ ಗಮನ ಇಡೋ ಧ್ಯಾನ) ಆ್ಯಪ್ ಹಾಕ್ಕೋ, ಎಲ್ಲ ಸರಿಹೋಗುತ್ತೆ ಅಂದ. ಹಾಕ್ಕೊಂಡೆ. ಮೊದಲ್ನೇ ದಿನಾನೇ ಅದು ಮಳೆ ಸೌಂಡ್ ಹಾಕಿ, ಕಣ್ಮುಚ್ಚಿ ರಿಲ್ಯಾಕ್ಸ್ ಆಗಿ ಅಂತು. ಮಾರಾಯ್ರೆ, ಕಣದ ತುಂಬ ಕಾಫಿ ಹಣ್ಣು ಒಣಗೋಕೆ ಹರಡಿದೆ, ಮಳೆ ಸೌಂಡ್ ಕಿವಿಗೆ ಬಿದ್ರೆ ಕಾಫಿ ಬೆಳೆಗಾರರ ಮನೇಲಿ ಯಾರಾದ್ರೂ ರಿಲ್ಯಾಕ್ಸ್ ಆಗ್ತಾರಾ? ಅಮ್ಮ ಅಡಿಗೆಮನೆಯಿಂದ "ಟಾರ್ಪಾಲು, ಟಾರ್ಪಾಲು" ಅಂತ ಕೂಗ್ಕೊಂಡು ಅಂಗಳಕ್ಕೆ ಓಡಿದ್ರು.

ಆಮೇಲೆ ಸೌಂಡೇ ಇಲ್ದೆ ಬರೀ ಉಸಿರು ನೋಡೋದು ಶುರು ಮಾಡಿದೆ, 10 ನಿಮಿಷ, ಬೆಳಿಗ್ಗೆ. ಮೂರು ಉಸಿರು ಆಗೋದ್ರೊಳಗೆ ಮನಸ್ಸು ಕಣಕ್ಕೆ ಹೋಗಿರುತ್ತೆ, ಅಲ್ಲಿಂದ ಬ್ಯಾಂಕಿಗೆ, ಅಲ್ಲಿಂದ ಇನ್ನೆಲ್ಲಿಗೋ. ಎದ್ದಾಗ ಕೂತಾಗಿದ್ದಕ್ಕಿಂತ ಜಾಸ್ತಿ ಟೆನ್ಷನ್. ನಾನೇ ಸರಿಯಾಗಿ ಮಾಡ್ತಿಲ್ವಾ, ಅಥವಾ ಕೆಲವ್ರಿಗೆ ಇದು ಆಗಿಬರಲ್ವಾ? ಅನುಭವ ಇರೋರು ಹೇಳಿ ಪ್ಲೀಸ್, ಸುಮ್ನೆ ಪಾಸಿಟಿವ್ ಆಗಿರಿ ಅಂತ ಮಾತ್ರ ಹೇಳ್ಬೇಡಿ.

ಹಾಸನದ_ಆಲೂಗಡ್ಡೆ

ಗುರು, ನೀನು ಸರಿಯಾಗೇ ಮಾಡ್ತಿದೀಯ. ತಮಾಷೆ ಅಲ್ಲ.

ನಾನು ಬೆಂಗ್ಳೂರು ಹತ್ರ 10 ದಿನದ ವಿಪಶ್ಯನ ಧ್ಯಾನದ ಕೋರ್ಸಿಗೆ ಹೋಗಿದ್ದೆ. ಗೋಯೆಂಕಾ ಅವರ ಪದ್ಧತಿ. ಅವರ ಕತೆ ಗೊತ್ತಾ, ಬರ್ಮಾದಲ್ಲಿ ಹುಟ್ಟಿ ಬೆಳೆದ ಮಾರ್ವಾಡಿ ವ್ಯಾಪಾರಸ್ಥರು, ವಿಪರೀತ ಮೈಗ್ರೇನ್ ಇತ್ತು, ಅದಕ್ಕೆ ದಾರಿ ಹುಡುಕ್ಕೊಂಡು 1955ರಲ್ಲಿ ಊ ಬಾ ಖಿನ್ ಅನ್ನೋ ಗುರುಗಳ ಹತ್ರ ಹೋದೋರು, 1969ರಲ್ಲಿ ಇಂಡಿಯಾಕ್ಕೆ ಬಂದು ಇದನ್ನ ಕಲಿಸೋಕೆ ಶುರು ಮಾಡಿದ್ರು. ಫೀಸ್ ಇಲ್ಲ, ಕೋರ್ಸ್ ಮುಗಿಸಿದ ಮೇಲೆ ಮನಸ್ಸಿದ್ರೆ ದಾನ ಕೊಡ್ಬಹುದು. ಬೆಳಿಗ್ಗೆ 4ಕ್ಕೆ ಗಂಟೆ ಹೊಡೀತಾರೆ, ಫೋನು ಪುಸ್ತಕ ಪೆನ್ನು ಎಲ್ಲ ಮೊದಲೇ ತೆಗೆದಿಟ್ಕೋತಾರೆ, ಪಕ್ಕದವನ ಹತ್ರ ಮಾತಿರ್ಲಿ, ಕಣ್ಣಲ್ಲೂ ಸನ್ನೆ ಮಾಡಂಗಿಲ್ಲ.

ಮೊದಲ ಮೂರು ದಿನ ಬರೀ ಮೂಗಿನ ಹೊಳ್ಳೆ ಹತ್ರ ಉಸಿರು ನೋಡೋದು, ಆನಾಪಾನ ಅಂತಾರೆ. ಎರಡನೇ ದಿನ ಮಧ್ಯಾಹ್ನ ನನ್ ತಲೇಲಿ ಏನು ಓಡ್ತಿತ್ತು ಅಂದ್ರೆ, 7ನೇ ಕ್ಲಾಸಲ್ಲಿ ಜಾಮಿಟ್ರಿ ಬಾಕ್ಸ್ ಕದ್ದೋನು ಯಾರು ಅಂತ! 25 ವರ್ಷದ ಹಿಂದಿಂದು! ಮೂರನೇ ದಿನ ಬ್ಯಾಗ್ ಎತ್ಕೊಂಡು ಗೇಟ್ ತನಕ ಹೋಗಿ ವಾಪಸ್ ಬಂದೆ. ಆಗ ಅಲ್ಲಿನ ಆಚಾರ್ಯರು ಹೇಳಿದ್ದು ಇಷ್ಟೇ, ಮನಸ್ಸು ಓಡಿದ್ದು ಗೊತ್ತಾಯ್ತಲ್ಲ, ಆ ಗೊತ್ತಾಗಿದ್ದೇ ಅಭ್ಯಾಸ, ಬೈಕೊಳ್ದೆ ಮತ್ತೆ ಉಸಿರಿಗೆ ಬಾ. ನೂರು ಸಲ ಓಡಿದ್ರೆ ನೂರು ಸಲ ಬಾ. ನೀನು ಓಡಿದ್ದನ್ನ ಮಾತ್ರ ಲೆಕ್ಕ ಹಾಕ್ತಿದೀಯ, ವಾಪಸ್ ಬಂದಿದ್ದು ಲೆಕ್ಕಕ್ಕೇ ಇಲ್ಲ. ಮೊದಲೂ ತಲೆ ಇಷ್ಟೇ ಓಡ್ತಿತ್ತು ಗುರು, ನೋಡೋಕೆ ಯಾರೂ ಕೂತಿರ್ಲಿಲ್ಲ.

ಹಂಗಂತ ಈಗಲೇ 10 ದಿನದ ಕೋರ್ಸಿಗೆ ಓಡ್ಬೇಡ. ನಿದ್ದೆ ಕೆಟ್ಟಿರೋವಾಗ, ಎದೆ ಹೊಡ್ಕೊಳ್ತಿರೋವಾಗ ಅದು ಭಾರ ಆಗುತ್ತೆ. ಫಾರಂ ತುಂಬೋವಾಗ್ಲೇ ಆರೋಗ್ಯದ್ದೆಲ್ಲ ಕೇಳ್ತಾರೆ.

ಖಾರ_ಮಂಡಕ್ಕಿ

ಬೇಜಾರ್ ಮಾಡ್ಕೋಬೇಡಿ, ನೇರವಾಗಿ ಹೇಳ್ತೀನಿ. ಸಾಲ ಇರೋನಿಗೆ ಉಸಿರು ನೋಡ್ಕೋ ಅಂದ್ರೆ ಬಡ್ಡಿ ನಿಲ್ಲುತ್ತಾ? ಇದೆಲ್ಲ ಹೊಟ್ಟೆ ತುಂಬಿದವ್ರ ಆಟ. ನಮ್ಮೋರ ಹತ್ರ ಪುಕ್ಕಟೆ ಕಲ್ತು ಫಾರಿನ್ನೋರು ಹೆಸರು ಬದಲಾಯಿಸಿ ಆ್ಯಪಲ್ಲಿ ತಿಂಗಳಿಗಿಷ್ಟು ಅಂತ ನಮಗೇ ಮಾರ್ತಾವ್ರೆ. ರೆಸಾರ್ಟಲ್ಲಿ ಎರಡು ದಿನ "ವೆಲ್‌ನೆಸ್" ಪ್ಯಾಕೇಜ್ ರೇಟ್ ನೋಡಿದೀರಾ, ಅದ್ರಲ್ಲಿ ನಮ್ಮ ಒಂದು ವಾರದ ಬಟವಾಡೆ ಆಗುತ್ತೆ.

ನೈಟ್_ಡ್ಯೂಟಿ_ಅಕ್ಕ (ಹಾಸನ)

@ಖಾರ_ಮಂಡಕ್ಕಿ ರೆಸಾರ್ಟ್ ಮಾತು ಒಪ್ತೀನಿ. ಉಸಿರು ನೋಡಿದ್ರೆ ಸಾಲ ತೀರಲ್ಲ, ಅದನ್ನೂ ಒಪ್ತೀನಿ. ಆದ್ರೆ ಹೊಟ್ಟೆ ತುಂಬಿದವ್ರ ಆಟ ಅನ್ನೋದು ತಪ್ಪು. ನಾನು ನರ್ಸು, ಇದರ ಬಗ್ಗೆ ಟ್ರೈನಿಂಗ್‌ನಲ್ಲಿ ಸ್ವಲ್ಪ ಓದಿದೀನಿ. 1979ರಲ್ಲಿ ಅಮೆರಿಕಾದ ಮ್ಯಾಸಚೂಸೆಟ್ಸ್‌ನ ಒಂದು ಮೆಡಿಕಲ್ ಕಾಲೇಜಲ್ಲಿ ಜಾನ್ ಕಬಾಟ್-ಜಿನ್ ಅನ್ನೋರು ಈ ಮೈಂಡ್‌ಫುಲ್‌ನೆಸ್ ಕೋರ್ಸ್ ಶುರು ಮಾಡಿದ್ದು ಯಾರಿಗೋಸ್ಕರ ಅಂದ್ರೆ, ಬೆನ್ನುನೋವು ಅದು ಇದು ಅಂತ ವರ್ಷಗಟ್ಲೆ ನರಳಿ, ಔಷಧಿಯಿಂದ ಪೂರ್ತಿ ವಾಸಿ ಆಗ್ದೆ ಉಳಿದ ಪೇಷೆಂಟುಗಳಿಗೆ. 8 ವಾರದ ಕೋರ್ಸ್. ಬೌದ್ಧರ ಧ್ಯಾನದಿಂದಾನೇ ತಗೊಂಡಿದ್ದು. ಅದರ ಮೊದಲ ಪಾಠ ಏನು ಗೊತ್ತಾ? ಒಂದೇ ಒಂದು ಒಣದ್ರಾಕ್ಷಿ. ಕೈಯಲ್ಲಿ ಹಿಡ್ಕೊಂಡು ನೋಡು, ಮೂಸು, ಕಿವಿ ಹತ್ರ ಇಟ್ಕೊಂಡು ಹಿಸುಕು, ನಾಲಿಗೆ ಮೇಲಿಟ್ಕೋ, ಆಮೇಲೆ ನಿಧಾನಕ್ಕೆ ಅಗಿ. ಕೇಳಿದ್ರೆ ನಗು ಬರುತ್ತೆ, ನಾನೂ ನಕ್ಕಿದ್ದೆ.

ಈಗ ನಿಮ್ಮ ವಿಷ್ಯಕ್ಕೆ ಬರ್ತೀನಿ ತಮ್ಮ. ನಿಮ್ಮ ಹೆಸರಲ್ಲೇ ಇದೆ ನೋಡಿ, ಕಣದ ಕಾವಲು. ನೀವು ಉಸಿರನ್ನೂ ಕಾವಲು ಕಾಯ್ತಿದೀರ ಅಂತ ನಂಗನ್ಸುತ್ತೆ. ಓಡಿಹೋಯ್ತಾ, ಹಿಡಿ, ಮತ್ತೆ ಓಡಿಹೋಯ್ತಾ, ಹಿಡಿ. ಐಸಿಯುಲಿ ಮಾನಿಟರ್ ಮುಂದೆ ಕೂತಾಗ ನಾವೂ ಹಂಗೇ ಇರ್ತೀವಿ, ಮೈಯೆಲ್ಲ ಬಿಗಿ, ಯಾವ ಅಲಾರಂ ಹೊಡ್ಕೊಳ್ಳುತ್ತೋ ಅಂತ. ಅದು ಡ್ಯೂಟಿಗೆ ಬೇಕು, ಧ್ಯಾನಕ್ಕೆ ಬೇಡ. ಉಸಿರೇ ಆಗಿಬರ್ದಿದ್ರೆ ಬಿಡಿ, ಅಂಗಾಲು ನೆಲಕ್ಕೆ ತಾಗ್ತಿರೋದು ನೋಡಿ, ಕೈಯಲ್ಲಿರೋ ಲೋಟದ ಬಿಸಿ ನೋಡಿ. ರಾತ್ರಿ ಎಚ್ಚರ ಆದಾಗ ಮಲಗಿದ್ದಲ್ಲೇ ಹೆಬ್ಬೆರಳಿಂದ ಶುರು ಮಾಡಿ ಪಾದ, ಮೀನಖಂಡ, ಮಂಡಿ ಅಂತ ಒಂದೊಂದೇ ಭಾಗಕ್ಕೆ ಗಮನ ತಗೊಂಡು ಹೋಗಿ. ಬಿಸಿ ಇದೆಯಾ ತಂಪಾ, ಬಿಗಿ ಇದೆಯಾ, ಅಷ್ಟೇ ನೋಡೋದು. ಸೊಂಟ ತಲುಪೋದ್ರೊಳಗೆ ನಿದ್ದೆ ಬಂದ್ರೆ ಬರ್ಲಿ.

ಇನ್ನೊಂದು, ಇದನ್ನ ಓದಿ ಬಿಟ್ಬಿಡಬೇಡಿ. ದಿನಾ ರಾತ್ರಿ ಎದೆ ಹೊಡ್ಕೊಂಡು ಎಚ್ಚರ ಆಗ್ತಿದ್ರೆ ಒಂದ್ಸಲ ಡಾಕ್ಟರಿಗೆ ತೋರಿಸಿ, ಬಿಪಿ, ಥೈರಾಯ್ಡ್, ಎಲ್ಲ ನೋಡ್ಲಿ. ಮನಸ್ಸಿಂದೇ ಇರ್ಬಹುದು, ಆದ್ರೆ ಅದನ್ನ ಹೇಳೋಕೆ ನಾನ್ಯಾರು. ಮಾತಾಡ್ಬೇಕು ಅನ್ಸಿದ್ರೆ ಟೆಲಿ ಮಾನಸ್ 14416 ಇದೆ, ಸರ್ಕಾರದ್ದು, ಪುಕ್ಕಟೆ, ರಾತ್ರಿ ಹಗಲು ಇರುತ್ತೆ, ಕನ್ನಡದಲ್ಲೇ ಮಾತಾಡ್ಬಹುದು. ಅಪ್ಪನ್ನ ನೋಡ್ಕೊಳ್ಳೋರನ್ನ ನೋಡ್ಕೊಳ್ಳೋರು ಯಾರೂ ಇರಲ್ಲ, ವಾರ್ಡಲ್ಲಿ ದಿನಾ ನೋಡ್ತೀನಿ.

ಆನೆ_ದಾರಿ (ಸಕಲೇಶಪುರ)

ಅಕ್ಕ ಹೇಳಿದ್ದು ಸೂಪರ್. ನಾನು ಆ್ಯಪ್ ನೋಡ್ಕೊಂಡು ವಾಕಿಂಗ್ ಧ್ಯಾನ ಮಾಡೋಕೆ ಹೋಗಿದ್ದೆ, ತಲೆ ತಗ್ಸಿ ಹೆಜ್ಜೆ ಮೇಲೆ ಗಮನ ಇಡಿ ಅಂತ ಅದ್ರಲ್ಲಿ. ಬೆಳಿಗ್ಗೆ 6 ಗಂಟೆ, ಮಂಜು, ಪಕ್ಕದ ತೋಟದಲ್ಲಿ ಆನೆ ಬೈನೆ ಮರ ಲಟಲಟ ಮುರಿಯೋ ಸೌಂಡು. ಹೆಜ್ಜೆ ಎಣಿಸೋಕೆ ಹೋದೋನು ಚಪ್ಪಲಿ ಬಿಟ್ಟು ಓಡಿ ಬಂದೆ 😅 ನಮ್ಮ ಕಡೆಯೋರು ದಯವಿಟ್ಟು ಮನೆ ಒಳಗೇ ಮಾಡ್ಕೊಳಿ.

ಬೇಲೂರಮ್ಮ

ನಾನು ಮಾತಾಡಿದ್ದನ್ನ ಮೊಮ್ಮಗಳು ಟೈಪ್ ಮಾಡ್ತಾವ್ಳೆ, ತಪ್ಪಿದ್ರೆ ಅವಳನ್ನೇ ಬೈರಿ.

ಮಗ, ನೀವೆಲ್ಲ ಏನೋ ಇಂಗ್ಲೀಷಲ್ಲಿ ಹೇಳ್ತಿದೀರಲ್ಲ, ಅದಕ್ಕೆ ನಮ್ಮಲ್ಲಿ ಮಾತೈತೆ ಕಣಪ್ಪ. ಹಾಲು ಉಕ್ಕಿಸಿದ್ರೆ ನಮ್ಮವ್ವ ಏನಂತಿದ್ಲು? "ಗ್ಯಾನ ಎಲ್ಲಿಕ್ಕಿದ್ದೆ?" ಎಡವಿ ಬಿದ್ರೆ "ಮೈಮ್ಯಾಲೆ ಗ್ಯಾನ ಇರ್ಲಿ". ಅಷ್ಟೇ ಅದು. ಮದುವೇಲಿ ಐನೋರು ಸಾವಧಾನ ಸಾವಧಾನ ಅಂತ ಕೂಗ್ತಾರಲ್ಲ, ಅದೂ ಇದೇ ಅಂತ ನಮ್ಮನೆಯೋರು ಹೇಳೋರು, ಅವರು ಮೇಷ್ಟ್ರಾಗಿದ್ರು.

ನಮ್ಮನೆಯೋರು ತೀರ್ಕೊಂಡ ವರ್ಷ ನಂಗೂ ನಿನ್ನಂಗೇ ನಿದ್ದೆ ಇರ್ಲಿಲ್ಲ. ಕೂತು ಗಿತ್ತು ಧ್ಯಾನ ಮಾಡೋಕೆ ನಂಗೆ ಮಂಡಿ ಬಗ್ಗಲ್ಲ. ನಾನು ಮಾಡಿದ್ದು ಮುದ್ದೆ. ನಗಬ್ಯಾಡ. ಎಸರು ಕುದಿಯೋ ಸದ್ದು ಮೊದ್ಲು ಸಣ್ಣಕ್ಕಿರ್ತದೆ, ಆಮ್ಯಾಕೆ ಗುಳುಗುಳು ಅಂತದೆ, ಹಿಟ್ಟು ಹುಯ್ದ ಮ್ಯಾಲೆ ಪೊತ್ ಪೊತ್ ಅಂತದೆ. ಹಿಟ್ಟಿನ ಕೋಲು ಹಾಕಿ ತಿರುವೋವಾಗ ಗ್ಯಾನ ಆ ಕಡೆ ಹೋದ್ರೆ ಗಂಟಾಯ್ತದೆ, ಮುದ್ದೆ ಸುಳ್ಳು ಹೇಳಲ್ಲ. ಕೈಗೆ ನೀರು ಮುಟ್ಟಿಸ್ಕೊಂಡು ಉಂಡೆ ಕಟ್ಟೋವಾಗ ಬಿಸಿ ಎಷ್ಟೈತೆ ಅಂತ ಅಂಗೈ ಹೇಳ್ತದೆ. ಅಷ್ಟೊತ್ತು ಅವರ ನೆಪ್ಪು ಬರ್ತಿತ್ತು, ಬರ್ಲಿ ಅಂತ ಬಿಡ್ತಿದ್ದೆ, ಕಣ್ಣಲ್ಲಿ ನೀರು ಬಂದ್ರೂ ಕೈ ತಿರುವ್ತಾ ಇರೋದು. ನೀನು ಕಣದಲ್ಲಿ ಹಣ್ಣು ತಿರುವಿ ಹಾಕ್ತೀಯಲ್ಲ, ಅಲ್ಲೇ ಗ್ಯಾನ ಇಕ್ಕು. ಬೇರೆ ಟೈಮ್ ಯಾಕೆ.

ಮೆಟ್ಲು_ಎಣಿಸೋನು (ಚನ್ನರಾಯಪಟ್ಟಣ)

ಅಮ್ಮ, ನಿಮ್ಮ ಮುದ್ದೆ ಮುಂದೆ ನಂದೇನೂ ಇಲ್ಲ, ಆದ್ರೂ ಹೇಳ್ತೀನಿ.

ನಾನು ತಿಂಗಳಿಗೆರಡು ಸಲ ಶ್ರವಣಬೆಳಗೊಳಕ್ಕೆ ಹೋಗಿ ವಿಂಧ್ಯಗಿರಿ ಹತ್ತುತೀನಿ. ಬರಿಗಾಲಲ್ಲೇ ಹತ್ಬೇಕಲ್ಲ, ಬೆಳಿಗ್ಗೆ ಬಂಡೆ ತಣ್ಣಗಿರುತ್ತೆ, ಇಳಿಯೋ ಹೊತ್ತಿಗೆ ಸುಡುತ್ತೆ, ಆರುನೂರಕ್ಕೂ ಜಾಸ್ತಿ ಮೆಟ್ಟಿಲು, ಅಂಗಾಲಿಗೆ ಗಮನ ಇಡು ಅಂತ ಯಾರೂ ಹೇಳೋದೇ ಬೇಡ, ತಾನಾಗೇ ಹೋಗುತ್ತೆ. ಮೇಲೆ 57 ಅಡಿ ಬಾಹುಬಲಿ ನಿಂತಿರೋದು ಕಾಯೋತ್ಸರ್ಗದಲ್ಲಿ, ಅಂದ್ರೆ ದೇಹದ ಮೇಲಿನ ಮೋಹ ಬಿಟ್ಟು ಸುಮ್ನೆ ನಿಲ್ಲೋದು. ಕಾಲಿಗೆ ತೋಳಿಗೆ ಬಳ್ಳಿ ಹಬ್ಬಿದೆ, ಪಾದದ ಹತ್ರ ಹುತ್ತ, ಆದ್ರೂ ಮುಖದಲ್ಲಿ ಎಲ್ಲೂ ಬಿಗಿ ಇಲ್ಲ. ನೈಟ್ ಡ್ಯೂಟಿ ಅಕ್ಕ ಹೇಳಿದ ಬಿಗಿ ಮಾತು ಓದಿದಾಗ ಆ ಮುಖಾನೇ ನೆನಪಾಯ್ತು. ಜೈನ ಫ್ರೆಂಡ್ ಮನೇಲಿ ಸಾಮಾಯಿಕ ಅಂತ 48 ನಿಮಿಷ ಕೂರ್ತಾರೆ, ನಾನು ಒಂದ್ಸಲ ಅವರ ಜೊತೆ ಕೂತು 15 ನಿಮಿಷಕ್ಕೇ ಕಾಲು ಜೋಮು ಹಿಡಿದು ಎದ್ದೆ. ಆದ್ರಿಂದ ಗುರುಗಳೇ, 10 ನಿಮಿಷ ಕೂರ್ತಿದೀರಲ್ಲ, ದೊಡ್ಡದೇ ಅದು. ಬೇಕಿದ್ರೆ 5ಕ್ಕೆ ಇಳಿಸಿ.

ಕಣದ_ಕಾವಲು (ಮೂಡಿಗೆರೆ ಕಡೆ)

ಲೇಟಾಗಿ ಬರ್ತಿದೀನಿ, ಕ್ಷಮಿಸಿ, ಎರಡು ವಾರ ಹಣ್ಣು ಕುಯ್ಲು ಜೋರಿತ್ತು.

ಆ್ಯಪ್ ತೆಗೆದುಹಾಕಿದೆ. ಬೇಲೂರಮ್ಮ ಹೇಳಿದಂಗೆ ಕಣದಲ್ಲೇ ಶುರು ಮಾಡಿದೆ. ದಿನಕ್ಕೆ ನಾಕೈದು ಸಲ ಹಣ್ಣು ತಿರುವಿ ಹಾಕ್ಬೇಕಲ್ಲ, ಅದರಲ್ಲಿ ಒಂದು ಸಲ, ಮಧ್ಯಾಹ್ನದ್ದು, ಫೋನ್ ಮನೇಲಿಟ್ಟು ಹೋಗ್ತೀನಿ. ಮೊದಲ ನಾಲ್ಕು ದಿನ ಹಲಗೆ ಎಳೆದಾಗ ಮೆತ್ತಗೆ ಸರ್ ಅಂತಿದ್ದ ಹಣ್ಣು ಈಗ ಜರ್ ಅಂತಿದೆ. ಒಂದು ಹಿಡಿ ತಗೊಂಡು ಕಿವಿ ಹತ್ರ ಅಲ್ಲಾಡಿಸಿದ್ರೆ ಒಳಗೆ ಬೀಜ ಗಲಗಲ ಅನ್ನುತ್ತೆ, ಒಣಗಿದೆ ಅಂತ ಗೊತ್ತಾಗೋದು ಹಂಗೇ, ನಾನು ಚಿಕ್ಕೋನಿದ್ದಾಗ ಅಪ್ಪ ತೋರಿಸಿಕೊಟ್ಟಿದ್ದು, ಎರಡು ವರ್ಷದಿಂದ ತೇವ ಅಳೆಯೋ ಮೀಟರ್ ನೋಡ್ಕೊಂಡು ಅದನ್ನ ಮರೆತೇಬಿಟ್ಟಿದ್ದೆ. ಅಪ್ಪಂಗೆ ಈಗ ಮಾತು ಸರಿಯಾಗಿ ಬರಲ್ಲ. ಮೊನ್ನೆ ಒಂದು ಹಿಡಿ ತಗೊಂಡ್ಹೋಗಿ ಅವರ ಕಿವಿ ಹತ್ರ ಅಲ್ಲಾಡಿಸಿದೆ. ಸ್ವಲ್ಪ ಹೊತ್ತು ಕೇಳಿ, ಸರಿಯಿರೋ ಕೈಯಲ್ಲಿ ಬೇಡ ಅಂತ ಸನ್ನೆ ಮಾಡಿ ಎರಡು ಬೆರಳು ತೋರ್ಸಿದ್ರು. ಇನ್ನೂ ಎರಡು ದಿನ ಬಿಸಿಲು ಬೇಕಂತೆ. ಮೀಟರ್ ಹಾಕಿ ನೋಡಿದ್ರೆ ಅವರು ಹೇಳಿದ್ದೇ ಸರಿ!

ಅಕ್ಕ, ಡಾಕ್ಟರಿಗೆ ತೋರಿಸಿದೆ, ಬಿಪಿ ಸ್ವಲ್ಪ ಜಾಸ್ತಿ ಇದೆ ಅಂದ್ರು, ರಕ್ತ ಟೆಸ್ಟಿಗೆ ಕೊಟ್ಟಿದೀನಿ, ರಿಪೋರ್ಟ್ ಮಂಗಳವಾರ. 14416 ಫೋನಲ್ಲಿ ಸೇವ್ ಮಾಡ್ಕೊಂಡಿದೀನಿ, ಇನ್ನೂ ಮಾಡಿಲ್ಲ.

ರಾತ್ರಿ ಎಚ್ಚರ ಆಗೋದು ನಿಂತಿಲ್ಲ. ನಿನ್ನೆನೂ 2:10. ಟಪ್ ಟಪ್ ಅಂತ ಸೌಂಡ್ ಕೇಳಿ ಮಳೆ ಅಂತ ಟಾರ್ಚ್ ಹಿಡ್ಕೊಂಡು ಓಡಿದೆ, ನೋಡಿದ್ರೆ ಸಿಲ್ವರ್ ಮರದಿಂದ ಇಬ್ಬನಿ ಟಾರ್ಪಾಲ್ ಮೇಲೆ ಬೀಳ್ತಿರೋದು. ವಾಪಸ್ ಬರೋ ಬದಲು ಕಣದ ಕಟ್ಟೆ ಮೇಲೆ ಕೂತ್ಕೊಂಡು ಅದನ್ನೇ ಕೇಳ್ತಿದ್ದೆ. ಸುಮಾರು ಹೊತ್ತು. ಚಳಿ ಆದಾಗ ಎದ್ದು ಬಂದು ಮಲಗಿದೆ, 6ಕ್ಕೆ ಅಮ್ಮ ಎಬ್ಬಿಸಿದ್ರು.

@ಬೇಲೂರಮ್ಮ ನಿನ್ನೆ ಮುದ್ದೆನೂ ಟ್ರೈ ಮಾಡಿದೆ ಅಮ್ಮ, ಗಂಟು ಗಂಟು. ಹಿಟ್ಟು ಒಂದೇ ಸಲ ಹುಯ್ಯೋದಾ, ಸ್ವಲ್ಪ ಸ್ವಲ್ಪನಾ?