ಪದಚರ್ಚೆ: ‘ಡಿಸ್ಟ್ರೆಸ್ಡ್ ಬ್ರಷ್ ಫಾಂಟ್’ – ಒಣಕುಂಚದ ಅಕ್ಷರ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಫಾಂಟ್ ಒಂದರ ವಿವರಣೆಯನ್ನು ಕನ್ನಡಕ್ಕೆ ತರುವಾಗ ‘ಡಿಸ್ಟ್ರೆಸ್ಡ್ ಬ್ರಷ್’ ಎಂಬಲ್ಲಿ ಎಡವಿದೆ. ನಿಘಂಟು ತೆರೆದರೆ ‘ಸಂಕಟಕ್ಕೊಳಗಾದ’ ಎಂದಿದೆ. ಅಕ್ಷರಕ್ಕೆ ಎಂಥ ಸಂಕಟ! ಹೊಸ ಮೇಜನ್ನು ಉಜ್ಜಿ, ಗೀರಿ, ಹಳೆಯದರಂತೆ ಕಾಣಿಸುವುದಕ್ಕೂ ಇಂಗ್ಲಿಷಿನಲ್ಲಿ ಇದೇ ಮಾತು. ಇಲ್ಲಿ ಬೇಕೆಂದೇ ಅಂಚನ್ನು ಒರಟಾಗಿಸಿ, ಗೆರೆಯ ನಡುವೆ ಬಣ್ಣ ಹತ್ತದ ಬಿಳಿ ಎಳೆಗಳನ್ನು ಉಳಿಸಿರುತ್ತಾರೆ. ಪೋಸ್ಟರ್, ಮುಖಪುಟ, ಟೀ ಶರ್ಟುಗಳ ಮೇಲೆ ನೀವೂ ನೋಡಿರುತ್ತೀರಿ.

ಬರೀ ‘ಕುಂಚಾಕ್ಷರ’ ಎಂದರೆ ಸಾಲದು. 1942ರಲ್ಲಿ ಬಂದ ‘ಬ್ರಷ್ ಸ್ಕ್ರಿಪ್ಟ್’ ಎಂಬ ಫಾಂಟ್ ಕೂಡ ಕುಂಚದ ಶೈಲಿಯದೇ, ಆದರೆ ಅದರ ಅಂಚು ನುಣುಪು.

‘ಡಿಸ್ಟ್ರೆಸ್ಡ್’ಗೆ ‘ಶಿಥಿಲ’ ಎನ್ನೋಣವೆಂದರೆ, ಆ ಪದವನ್ನು ಛಂದಸ್ಸಿನವರು ಶಿಥಿಲದ್ವಿತ್ವಕ್ಕೆಂದು (ಹಿಂದಿನ ಅಕ್ಷರವನ್ನು ಗುರುವಾಗಿಸದ, ತೇಲಿಸಿ ನುಡಿಯುವ ಒತ್ತಕ್ಷರಕ್ಕೆಂದು) ಆಗಲೇ ಹಿಡಿದಿಟ್ಟಿದ್ದಾರೆ. ‘ಜೀರ್ಣ’ ಎಂದರೆ ಹಳೆಯ ಗುಡಿಯೋ ಹೊಟ್ಟೆಯೋ ನೆನಪಾಗುತ್ತದೆ. ‘ಸವಕಲು’ ಹಿಡಿಸಿತ್ತು; ಆದರೆ ಸವಕಲು ನಾಣ್ಯ ಕೈಯಿಂದ ಕೈಗೆ ದಾಟಿ ಸವೆದದ್ದು. ಕುಂಚದಲ್ಲಿ ಬಣ್ಣ ತೀರುತ್ತ ಬಂದಾಗ ಎಳೆಎಳೆಯಾಗಿ ಬಿಡಿಸಿಕೊಳ್ಳುವ ಗೆರೆ ಸವೆದದ್ದಲ್ಲ, ಹುಟ್ಟಿದ್ದೇ ಹಾಗೆ. ಚೀನೀಯರ ಕುಂಚಬರಹದಲ್ಲಿ ಇದಕ್ಕೆ ‘ಫೇಯ್‌ಬೈ’, ಅಂದರೆ ‘ಹಾರುವ ಬಿಳಿ’, ಎಂಬ ಸೊಗಸಾದ ಹೆಸರಿದೆ. ಗೋಡೆಯ ಮೇಲೆ ತುಂಬು ಬಣ್ಣದಲ್ಲಿ ಬರೆದು, ಮಳೆಬಿಸಿಲಿಗೆ ಚಕ್ಕೆ ಎದ್ದ ಅಕ್ಷರದ ಕಥೆಯೇ ಬೇರೆ. ಇಂಗ್ಲಿಷ್ ಇವೆರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದರೆ ಕಟ್ಟಲಿ. ಮೊದಲನೆಯದಕ್ಕೆ ‘ಒಣಕುಂಚದ ಅಕ್ಷರ’, ಎರಡನೆಯದಕ್ಕೆ ‘ಚಕ್ಕೆಯೆದ್ದ ಅಕ್ಷರ’ ಎನ್ನುವುದು ನನ್ನ ಒಲವು. ಆದೇಶಸಂಧಿಯಿಂದ ಕಕಾರ ಗಕಾರವಾಗಿ ‘ಒಣಗುಂಚ’ವಾಗಬೇಕಲ್ಲವೇ ಎನ್ನುವವರು ದಿನಾ ಬೆಳಿಗ್ಗೆ ಒಣಕಸವನ್ನೇ ಬೇರ್ಪಡಿಸುತ್ತಾರೆ, ಒಣಗಸವನ್ನಲ್ಲ.

ಬಳಕೆಯ ಬಗ್ಗೆಯೂ ಒಂದು ಮಾತು. ಕನ್ನಡದಲ್ಲಿ ಈ ಗೀರುಗಳು ಅರ್ಥಕ್ಕೇ ಕೈಹಾಕುತ್ತವೆ. ದ–ಧ, ಡ–ಢಗಳನ್ನು ಬೇರ್ಪಡಿಸುವುದು ಅಡಿಯ ಒಂದು ಪುಟ್ಟ ಸೀಳು. ನಾನು ತಿದ್ದಿದ ಕರಡು ಪೋಸ್ಟರೊಂದರಲ್ಲಿ ಆ ಸೀಳು ಒರಟು ಅಂಚಿನಲ್ಲಿ ಮುಳುಗಿ ‘ಧನಸಹಾಯ’ವು ‘ದನಸಹಾಯ’ವಾಗಿತ್ತು. ತಲೆಬರಹದ ದಪ್ಪ ಗಾತ್ರಕ್ಕೇ ಹೀಗಾದರೆ ಒಳಪುಟದ ಸಣ್ಣ ಅಕ್ಷರಕ್ಕೆ ಇದನ್ನು ಹಾಕುವ ಮಾತೇ ಬೇಡ. ಇನ್ನೊಂದು ತೊಡಕು: ‘ಕನಕ’ ಎಂದು ಬರೆದರೆ ಎರಡೂ ಕಕಾರಗಳಲ್ಲಿ ಅದದೇ ಗೀರು ಅದದೇ ಜಾಗದಲ್ಲಿ ಕಾಣುತ್ತದೆ; ಕೈಬರಹದ ಸೋಗು ಅಲ್ಲಿಗೆ ಬಯಲು. ಇದನ್ನು ತಪ್ಪಿಸಲು ಒಂದೇ ಅಕ್ಷರಕ್ಕೆ ಎರಡು ಮೂರು ರೂಪಗಳನ್ನು ಫಾಂಟಿನೊಳಗೆ ಇಡುವ ಕ್ರಮವಿದೆ. ಆದರೆ ಕಾಗುಣಿತ, ಒತ್ತಕ್ಷರಗಳಿರುವ ನಮ್ಮ ಲಿಪಿಯಲ್ಲಿ ಆ ಕೆಲಸ ಎಲ್ಲಿಗೆ ಮುಟ್ಟುತ್ತದೆಂದು ಊಹಿಸಿಕೊಳ್ಳಿ.

ಈಗ ಕೇಳಬೇಕಾದದ್ದು: ಅಂಗಡಿಯ ಬೋರ್ಡು, ಗೋಡೆಬರಹ ಬರೆಯುವವರು ಬಣ್ಣ ತೀರುತ್ತ ಬಂದ ಕುಂಚದಿಂದ ಮೂಡುವ ಗೆರೆಗೆ ತಮ್ಮ ತಮ್ಮಲ್ಲಿ ಏನೆನ್ನುತ್ತಾರೆ? ಅಂಥವರ ಒಡನಾಟ ಇದ್ದವರು ತಿಳಿಸಿ. ಅವರ ಪದ ಸಿಕ್ಕರೆ ನನ್ನದನ್ನು ಹಿಂತೆಗೆದುಕೊಳ್ಳುತ್ತೇನೆ.