ಬೈಲುಕುಪ್ಪೆಯಿಂದ ಕನ್ನಡ ಸ್ಟ್ಯಾಂಡಪ್: ಮೊದಲ ನಿಮಿಷ ಆದ್ಮೇಲೆ ಯಾಕೆ ಸಪ್ಪೆ?

ಕಾವೇರಿ_ಈಚೆ:
ಟಿಬೆಟನ್, ಹುಟ್ಟಿದ್ದು 2001ರಲ್ಲಿ, ಬೈಲುಕುಪ್ಪೆ ಕ್ಯಾಂಪಲ್ಲಿ. ಕೈಯಲ್ಲಿ ಆರ್‌ಸಿ (ಟಿಬೆಟನ್ನರಿಗೆ ಸರ್ಕಾರ ಕೊಡೋ ನೋಂದಣಿ ಪತ್ರ) ಇದೆ, ಬಾಯಲ್ಲಿ ಪಿರಿಯಾಪಟ್ಟಣದ ಕನ್ನಡ. ಮೈಸೂರಿನ ಓಪನ್ ಮೈಕ್‌ಗಳಲ್ಲಿ (ಯಾರು ಬೇಕಾದ್ರೂ ಹೆಸರು ಕೊಟ್ಟು ಹತ್ತೋ ವೇದಿಕೆ) ಶುರು ಮಾಡಿದ್ದೀನಿ, ಇದನ್ನೇ ಕಸುಬು ಮಾಡ್ಕೋಬೇಕು. ಮೊದಲ ನಿಮಿಷ ಜೋರು ನಗು, ಆಮೇಲೆ ತಣ್ಣಗಾಗುತ್ತೆ. ಎಲ್ಲಿ ತಪ್ತಿದೆ? ದುಡ್ಡು, ಕಾಗದಪತ್ರದ ಕಡೆಯಿಂದ ಏನು ನೋಡ್ಕೋಬೇಕು?

ಬಾಲ_ಕತ್ತರಿಸು:
ಆ ಮೊದಲ ನಗು ನಿಮ್ಮ ಜೋಕಿಗೆ ಬಂದದ್ದಲ್ಲ. ಮುಖ ನೋಡಿ ಹಿಂದಿನೋ ಇಂಗ್ಲಿಷೋ ಅಂದ್ಕೊಂಡವರಿಗೆ ‘ಏನ್ ಸಮಾಚಾರ, ಊಟ ಆಯ್ತಾ?’ ಕೇಳಿಸಿದ ಬೆರಗು. 30 ಸೆಕೆಂಡಲ್ಲಿ ಕರಗುತ್ತೆ. ಅಷ್ಟರೊಳಗೆ ನಿಜವಾದ ಪಂಚ್ ಒಂದು ಬಿದ್ದಿರಬೇಕು.

ಆಮೇಲೆ ಎಡವೋದು ಇತಿಹಾಸ ಹೇಳೋಕೆ ಹೋಗಿ. 1959ರಲ್ಲಿ ದಲೈ ಲಾಮಾ ಗಡಿ ದಾಟಿದ್ದು, ಮೈಸೂರು ಸರ್ಕಾರ ಜಾಗ ಕೊಟ್ಟದ್ದು, ಕಾಡು ಕಡಿದದ್ದು... ಪ್ರೊ. ಎಂ. ಕೃಷ್ಣೇಗೌಡರ ಹಾಸ್ಯಭಾಷಣಕ್ಕೆ ಬಂದ ಸಭೆ ಒಂದು ಕಥೆಗೆ ಕಾಯುತ್ತೆ. ಓಪನ್ ಮೈಕ್ ಜನ 40 ಸೆಕೆಂಡ್ ನಗು ಇಲ್ಲ ಅಂದ್ರೆ ಫೋನ್ ತೆಗೀತಾರೆ. ಅದೇ ವಿಷಯ ಎರಡೇ ಸಾಲಲ್ಲಿ: ‘ನೀವು ಚೈನಾದವರಾ ಅಂತಾರೆ. ಸ್ವಾಮಿ, ನಾವ್ ಇಲ್ಲಿರೋದೇ ಚೈನಾದವರ ದೆಸೆಯಿಂದ.’

ಕನ್ನಡದಲ್ಲಿ ಇನ್ನೊಂದು ತೊಡಕು, ಕ್ರಿಯಾಪದ ಕೊನೆಗೆ ಬರೋದು. ‘ಗಾಡಿಗೆ ಆರ್‌ಸಿ ಇದ್ದಂಗೆ ನಮ್ಮಲ್ಲಿ ಮನುಷ್ಯರಿಗೂ ಆರ್‌ಸಿ ಇರುತ್ತೆ ಅಂತ ಗೊತ್ತಾ ನಿಮಗೆ?’ ಇಲ್ಲಿ ನಗು ಇರೋದು ‘ಮನುಷ್ಯರಿಗೂ’ ಅನ್ನೋದ್ರಲ್ಲಿ. ಅದರ ಮೇಲೆ ನೀವೇ ಐದು ಪದ ಸುರಿದು ಮುಚ್ಚಿಬಿಟ್ರಿ. ತಿರುಗಿಸಿ: ‘ಆರ್‌ಸಿ, ನಿಮ್ಮಲ್ಲಿ ಗಾಡಿಗೆ. ನಮ್ಮಲ್ಲಿ, ಓಡಿಸೋನಿಗೆ.’ ಬಾಯಿ ಮುಚ್ಚಿ. ನಗು ಇಳಿಯೋಕೆ ಶುರುವಾದಾಗ ಇನ್ನೊಂದು: ‘ಸದ್ಯ, ಎಫ್‌ಸಿ ಕೇಳಿಲ್ಲ.’

5 ನಿಮಿಷಕ್ಕೆ 400 ಪದ ಮೀರಿ ಬರೀಬೇಡಿ, ನಗುವಿಗೂ ಜಾಗ ಬೇಕು. ಪ್ರತಿ ಸಲ ಫೋನಲ್ಲಿ ರೆಕಾರ್ಡ್ ಮಾಡಿ, ನಗು ಬಿದ್ದ ಕಡೆ ಗೀಟು ಹಾಕಿ. ನಿಮಿಷಕ್ಕೆ ನಾಲ್ಕು ಗೀಟು ಬೀಳದ ಜಾಗಕ್ಕೆ ಕತ್ತರಿ. ಅದೇ 5 ನಿಮಿಷ ಹತ್ತು ಸಲ ಆಡಿದ ಮೇಲೆ ಹೊಸದು ಬರೆಯಿರಿ. ವಾಪಸ್ ಬಸ್ಸು ಎರಡು ಗಂಟೆ ದಾರಿ ಅಂತ ಮೊದಲನೇ ನಂಬರ್ ಕೇಳ್ಬೇಡಿ. ಆಗ ಜನ ಇನ್ನೂ ಕಾಫಿ ಹೇಳ್ತಿರ್ತಾರೆ. ಮೂರನೇದೋ ನಾಲ್ಕನೇದೋ ಕೇಳಿ.

ಕುಂಯ್_ಅಂತದೆ:
ಗುರು, ಓಪನ್ ಮೈಕಲ್ಲಿ ದುಡ್ಡು ಹುಟ್ಟಲ್ಲ. ಮಂಡ್ಯದ ಕಡೆ ದುಡ್ಡಿರೋದು ಗಣೇಶನ ಪೆಂಡಾಲ್, ರಾಜ್ಯೋತ್ಸವ, ಕಾಲೇಜ್ ಡೇಲಿ. ಅಲ್ಲಿ ನಿಮಗಿಂತ ಮುಂಚೆ ಆರ್ಕೆಸ್ಟ್ರಾ ಹಾಡಿರ್ತದೆ, ಮೈಕಿಗೆ ಎಕೋ ಹಂಗೇ ಇರ್ತದೆ. ಹಾಡಿಗೆ ಚೆಂದ, ಮಾತಿಗೆ ಯಮ. ಕೊನೇ ಪದ ಮೂರ್ಮೂರು ಸಲ ಕೇಳಿ ಪಂಚ್ ಕಲಸುಮೇಲೋಗರ ಆಯ್ತದೆ. ಹತ್ತೋಕ್ ಮುಂಚೆ ಸೌಂಡ್‌ನೋರ ಹತ್ರ ಹೋಗಿ ‘ಅಣ್ಣಾ, ಎಕೋ ಪೂರ್ತಿ ತೆಗೆದ್ಬುಡಿ’ ಅನ್ನಿ. ಮೈಕ್ ತುಟಿಯಿಂದ ಎರಡು ಬೆರಳು ದೂರ. ಜಾಲರಿನ ಮುಷ್ಟಿಲಿ ಮುಚ್ಚಿದ್ರೆ ಕುಂಯ್ ಅಂತದೆ.

ಬಯಲಲ್ಲಿ ನಗು ಗಾಳಿಗೆ ಹೋಯ್ತದೆ, ಸ್ಟೇಜಿಗೆ ಕೇಳಿಸಲ್ಲ. ನಗ್ನಿಲ್ಲ ಅಂತ ಗಾಬರಿ ಬಿದ್ದು ಓಡಿಸ್ಬೇಡಿ, ಹಿಂದೆ ಕುರ್ಚಿಲಿ ಕೂತೋರ ಭುಜ ಅಲ್ಲಾಡ್ತದಾ ನೋಡಿ. ಅರ್ಧ ದುಡ್ಡು ಅಡ್ವಾನ್ಸು, ಉಳಿದದ್ದು ಹತ್ತೋಕ್ ಮುಂಚೆ. ಇಳಿದ್ಮೇಲೆ ಕಮಿಟಿಯವರು ಕೊಡೋದು ಪ್ರಸಾದ ಮಾತ್ರ.

ಕಡತ_ವಿಲೇವಾರಿ:
ಕಂಪನಿಗಳ ಶೋಗೆ ಸಾಮಾನ್ಯವಾಗಿ 10% ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿಯೋ ತೆರಿಗೆ) ಹಿಡೀತಾರೆ. ಪ್ಯಾನ್ ಕೊಡದಿದ್ದರೆ 20%. ಆರ್‌ಸಿ ನವೀಕರಣದ ದಿನ ತಪ್ಪಬಾರದು. ಹೊರಗಿನ ಊರಿಗೆ ಹೋಗುವಾಗ ಮೂಲಪ್ರತಿ ಜೊತೆಗಿರಲಿ, ಲಾಡ್ಜಲ್ಲಿ ಕೇಳ್ತಾರೆ. ವಿದೇಶದ ಶೋಗೆ ಪಾಸ್‌ಪೋರ್ಟ್ ಬದಲು ಹಳದಿ ಪುಸ್ತಕ, ಅಂದ್ರೆ ಐಸಿ (ಐಡೆಂಟಿಟಿ ಸರ್ಟಿಫಿಕೇಟ್) ಬೇಕು. ಸಮಯ ಹಿಡಿಯುತ್ತೆ, ಆಹ್ವಾನ ಬರೋವರೆಗೆ ಕಾಯಬೇಡಿ.

ಆದ್ರೆ 2001 ಅಂದ್ರಲ್ಲ, ಅದನ್ನ ನೋಡಿ. ಪೌರತ್ವ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. ಅಲ್ಲಿಂದ 2004ರ ಡಿಸೆಂಬರ್ 3ರ ಒಳಗೆ ಹುಟ್ಟಿದವರಿಗೆ ಅಪ್ಪ ಅಮ್ಮಂದಿರಲ್ಲಿ ಒಬ್ಬರು ಪ್ರಜೆಯಾಗಿದ್ದರೆ ಸಾಕು. ನಿಮ್ಮ ತಾಯಿಯೋ ತಂದೆಯೋ 1987ಕ್ಕೆ ಮುಂಚೆ ಕ್ಯಾಂಪಲ್ಲೇ ಹುಟ್ಟಿದವರಾದರೆ ಅವರ ಜನನ ಪ್ರಮಾಣಪತ್ರ ಹುಡುಕಿಸಿ, ವಕೀಲರಿಗೆ ತೋರಿಸಿ. ಪ್ರಜೆ ಅಂತಾಗಿ ಆರ್‌ಸಿ ಬಿಟ್ಟುಕೊಟ್ಟರೆ ಕ್ಯಾಂಪಿನ ಮನೆ, ಜಮೀನಿನ ಕಥೆ ಏನು ಅನ್ನೋದನ್ನೂ ಆಗಲೇ ಕೇಳಿ.

ಕಾವೇರಿ_ಈಚೆ:
ಅಮ್ಮ ಹುಟ್ಟಿದ್ದು ಇಲ್ಲೇ, 1976ರಲ್ಲಿ! ನಾಳೆನೇ ವಿಚಾರಿಸ್ತೀನಿ ಸರ್.

ಬಾಲ_ಕತ್ತರಿಸು:
ಪಾಸ್‌ಪೋರ್ಟ್ ಬಂದ್ರೆ ಆರ್‌ಸಿ ಜೋಕು ಹೋಯ್ತು. ಅದರ ಜಾಗಕ್ಕೆ ಇನ್ನೊಂದು ಬರೆದಿಟ್ಕೊಳ್ಳಿ.